ಅನಾಥ ಮಕ್ಕಳಿಗೆ ಮಿಷನ್ ಪ್ರೀತಿ: ಸೂರು ಕೊಟ್ಟರೆ ಸಾಕೆ?

ಬೈರಾಪಟ್ಟಣ: ಮಗನ ಹುಟ್ಟುಹಬ್ಬ, ತಂದೆಯ ಪುಣ್ಯತಿಥಿ, ಇಲ್ಲವೇ ಕ್ರಿಸ್‌ಮಸ್. ಇಂಥ ದಿನಗಳಲ್ಲಿ ನಗರದ ಕುಟುಂಬಗಳು ಅನಾಥಾಲಯವೊಂದಕ್ಕೆ ತೆರಳಿ, ಮಕ್ಕಳಿಗೆ ಒಂದು ಹೊತ್ತಿನ ಊಟ ಹಾಕಿಸಿ, ಕೇಕ್ ಕತ್ತರಿಸಿ, ಆಟಿಕೆ ಹಂಚಿ ಬರುವುದು ಈಗ ವಾಡಿಕೆಯಾಗಿದೆ. ಹಂಚಿ ಬಂದವರ ಮನಸ್ಸು ಹಗುರಾಗುತ್ತದೆ. ಸಂಜೆಯಾಗುತ್ತಲೇ ಕಾರುಗಳು ಬೆಂಗಳೂರಿನ ದಾರಿ ಹಿಡಿಯುತ್ತವೆ, ಗೇಟು ಮುಚ್ಚುತ್ತದೆ. ಗೇಟಿನ ಒಳಗೆ ಉಳಿದ ಮಗುವಿಗೆ ನಿಜಕ್ಕೂ ಬೇಕಾಗಿದ್ದುದೇನು ಎಂಬ ಪ್ರಶ್ನೆ ಮಾತ್ರ ಅಲ್ಲೇ ಉಳಿಯುತ್ತದೆ.

ಕರ್ನಾಟಕದಲ್ಲಿ ಈ ಪ್ರಶ್ನೆಯನ್ನು ಹೆಚ್ಚು ಕಾಲದಿಂದ ಎದುರಿಸುತ್ತ ಬಂದಿರುವವರಲ್ಲಿ ಕ್ರೈಸ್ತ ಮಿಷನ್‌ಗಳು ಮುಖ್ಯವಾದವು. ಅನಾಥರನ್ನೂ ವಿಧವೆಯರನ್ನೂ ಅವರ ಸಂಕಟದಲ್ಲಿ ವಿಚಾರಿಸಿಕೊಳ್ಳುವುದೇ ನಿಜವಾದ ಭಕ್ತಿ ಎಂಬುದು ಬೈಬಲ್ಲಿನ ಯಾಕೋಬನ ಪತ್ರಿಕೆಯ ಬೋಧನೆ. ಆ ಬೋಧನೆ ಬದಲಾಗಿಲ್ಲ. ಆದರೆ 'ವಿಚಾರಿಸಿಕೊಳ್ಳುವುದು' ಎಂದರೇನು ಎಂಬ ತಿಳಿವಳಿಕೆ ಕಳೆದ ಒಂದೂವರೆ ಶತಮಾನದಲ್ಲಿ ಬಹಳವಾಗಿ ಬದಲಾಗಿದೆ. ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದಂಥ ಊರಿನ ಮಗುವೊಂದು 1877ರಲ್ಲಿ ಅನಾಥವಾಗಿದ್ದರೆ ಅದಕ್ಕೆ ಏನಾಗುತ್ತಿತ್ತು, ಇಂದು ಅನಾಥವಾದರೆ ಏನಾಗಬೇಕು ಎಂಬುದನ್ನು ಹೋಲಿಸಿ ನೋಡಿದರೆ ಈ ಬದಲಾವಣೆ ಸ್ಪಷ್ಟವಾಗುತ್ತದೆ.

ಧಾತು–ಈಶ್ವರ ಸಂವತ್ಸರದ ಬರ

ಹಳೆಯ ಮೈಸೂರು ಸೀಮೆಯ ಹಿರಿಯರ ಬಾಯಲ್ಲಿ 'ಧಾತು ಈಶ್ವರ ಬರ' ಎಂಬ ಮಾತು ಬಹುಕಾಲ ಉಳಿದಿತ್ತು. 1876ರಿಂದ 1878ರವರೆಗೆ ಸಂಸ್ಥಾನವನ್ನು ಕಾಡಿದ ಮಹಾಕ್ಷಾಮವದು. ಆಗ ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. ಇಂದಿನ ರಾಮನಗರ ಅಂದು ಕ್ಲೋಸ್‌ಪೇಟೆ, ಕನಕಪುರ ಅಂದು ಕಾನಕಾನಹಳ್ಳಿ. ಚನ್ನಪಟ್ಟಣ, ಮಾಗಡಿಗಳೂ ಸೇರಿದಂತೆ ಇವೆಲ್ಲ ಬೆಂಗಳೂರು ಜಿಲ್ಲೆಯ ಭಾಗಗಳಾಗಿದ್ದವು. (2007ರಲ್ಲಿ ರಾಮನಗರ ಪ್ರತ್ಯೇಕ ಜಿಲ್ಲೆಯಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣ ಮಾಡಲಾಯಿತು.)

ಆ ಬರದ ಕ್ರೌರ್ಯಕ್ಕೆ ಜನಗಣತಿಯ ಎರಡು ಅಂಕಿಗಳೇ ಸಾಕ್ಷಿ. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷಗಳ ನಂತರ, 1881ರಲ್ಲಿ, ಅದು 41,86,188. ಹೆಚ್ಚಬೇಕಾಗಿದ್ದ ಜನಸಂಖ್ಯೆ ಎಂಟೂವರೆ ಲಕ್ಷಕ್ಕೂ ಮಿಗಿಲಾಗಿ ಕುಸಿದಿತ್ತು. ಹಳ್ಳಿಗಳನ್ನು ತೊರೆದ ಜನ ಗಂಜಿ ಕೇಂದ್ರಗಳನ್ನು ಹುಡುಕುತ್ತ ಪಟ್ಟಣಗಳ ದಾರಿ ಹಿಡಿದರು. ದಾರಿಯಲ್ಲೇ ತಾಯಿ ತಂದೆಯರನ್ನು ಕಳೆದುಕೊಂಡ ಮಕ್ಕಳೆಷ್ಟೋ.

ಅಂಥ ಮಕ್ಕಳನ್ನು ಎತ್ತಿಕೊಂಡವರಲ್ಲಿ ಮಿಷನರಿಗಳು ಪ್ರಮುಖರು. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ ವೆಸ್ಲಿಯನ್ ಮಿಷನ್ ತುಮಕೂರು ಹಾಗೂ ಹಾಸನಗಳಲ್ಲಿ ಬರದ ಅನಾಥರಿಗಾಗಿ ಆಶ್ರಯಗಳನ್ನು ನಡೆಸಿತು. ಕ್ಯಾಥೊಲಿಕ್ ಮಿಷನರಿಗಳು ಇನ್ನೊಂದು ಹಾದಿ ಹಿಡಿದರು. ಮಕ್ಕಳನ್ನು ಸಾಕಿ, ದೊಡ್ಡವರಾದ ಮೇಲೆ ಮದುವೆ ಮಾಡಿಸಿ, ಜಮೀನು ಕೊಟ್ಟು ಊರನ್ನೇ ಕಟ್ಟಿಸುವ ಹಾದಿ ಅದು. ಬೆಂಗಳೂರಿನ ಹೊರವಲಯದಲ್ಲಿರುವ ಸಿಲುವೇಪುರ ಹಾಗೆ ಹುಟ್ಟಿಕೊಂಡ ಊರು. ಶಿಲುಬೆ ಆ ಊರಿನ ಹೆಸರಿನಲ್ಲೇ ಇದೆ.

ಅಂದು ಬೇರೆ ಆಯ್ಕೆ ಇರಲಿಲ್ಲ ಎಂಬುದನ್ನು ಮರೆಯಬಾರದು. ಮಗುವಿನ ಬಂಧುಗಳನ್ನು ಹುಡುಕಲು ಇಲಾಖೆಯಿರಲಿಲ್ಲ, ಬಂಧುಗಳು ಸಿಕ್ಕರೂ ಅವರ ಮನೆಯಲ್ಲಿ ಹಿಡಿ ರಾಗಿಯಿರಲಿಲ್ಲ. ಸೂರು, ಗಂಜಿ, ಬಟ್ಟೆ, ಅಕ್ಷರ ಇವಿಷ್ಟನ್ನು ಕೊಟ್ಟವರು ಆ ಮಗುವಿಗೆ ಜೀವವನ್ನೇ ಕೊಟ್ಟಂತೆ. ಆದರೆ ಅದೇ ವೇಳೆ ಮಗುವಿನ ಊರು, ಮನೆತನ, ದೇವರು, ಎಷ್ಟೋ ವೇಳೆ ಹೆಸರು ಕೂಡ ಬದಲಾಗುತ್ತಿತ್ತು. ಜೀವ ಉಳಿಸಿದ್ದಕ್ಕೆ ಪ್ರತಿಯಾಗಿ ಗುರುತು ಕಳೆದುಹೋಗುವುದು ನ್ಯಾಯವೇ ಎಂದು ಕೇಳಲು ಆ ಮಗುವಿನ ಪರವಾಗಿ ಯಾರೂ ಇರಲಿಲ್ಲ.

ಸಾಕಿದ ಮೇಲೆ ಮುಂದೇನು?

ಅನಾಥಾಲಯ ತೆರೆಯುವುದು ಸುಲಭ, ಹದಿನೆಂಟು ತುಂಬಿದವರನ್ನು ದಡ ಸೇರಿಸುವುದು ಕಷ್ಟ. ಈ ಸಮಸ್ಯೆಯನ್ನು ಮೊದಲೇ ಮನಗಂಡಿದ್ದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಿತು. ಕರಾವಳಿಯಲ್ಲೂ ಉತ್ತರ ಕರ್ನಾಟಕದಲ್ಲೂ ಶಾಲೆ, ಅನಾಥಾಲಯಗಳನ್ನು ತೆರೆದ ಈ ಮಿಷನ್, ಕ್ರೈಸ್ತರಾಗಿ ಕುಲಕಸುಬು ಕಳೆದುಕೊಂಡವರಿಗೂ ಆಶ್ರಯದಲ್ಲಿ ಬೆಳೆದವರಿಗೂ ಉದ್ಯೋಗ ಬೇಕೆಂದು ನೇಯ್ಗೆ, ಮುದ್ರಣ, ಹೆಂಚಿನ ಕಾರ್ಖಾನೆಗಳನ್ನು ಆರಂಭಿಸಿತು. 1865ರಲ್ಲಿ ಮಂಗಳೂರಿನಲ್ಲಿ ಶುರುವಾದ ಹೆಂಚಿನ ಕಾರ್ಖಾನೆ 'ಮಂಗಳೂರು ಹೆಂಚು' ಎಂಬ ಹೆಸರನ್ನು ದೇಶದಾಚೆಗೂ ಕೊಂಡೊಯ್ದಿತು. ಕೈಗೊಂದು ಕಸುಬು ಕೊಟ್ಟಾಗಲೇ ಆಶ್ರಯ ಪೂರ್ಣವಾಗುತ್ತದೆ ಎಂಬ ಪಾಠ ಅಲ್ಲಿತ್ತು.

ಈ ಪಾಠ ಇಂದಿಗೂ ಪ್ರಸ್ತುತ. ಬಾಲನ್ಯಾಯ ಕಾಯ್ದೆಯ ಪ್ರಕಾರ ಹದಿನೆಂಟು ತುಂಬಿ ಆಶ್ರಯದಿಂದ ಹೊರಬರುವವರಿಗೆ ಇಪ್ಪತ್ತೊಂದು ವರ್ಷದವರೆಗೆ 'ನಂತರದ ಪಾಲನೆ' ನೀಡಲು ಅವಕಾಶವಿದೆ. ಊಟ, ವಸತಿಗಳಿಗೆ ದಾನ ಮಾಡುವವರು ನೂರು ಮಂದಿಯಾದರೆ, ಈ ಮೂರು ವರ್ಷಗಳ ಬಾಡಿಗೆ, ಕಾಲೇಜು ಶುಲ್ಕ, ತರಬೇತಿಗೆ ಕೊಡುವವರು ಒಬ್ಬಿಬ್ಬರು. ಹದಿನೆಂಟರ ಹುಟ್ಟುಹಬ್ಬವೇ ಬೀದಿಗೆ ಬೀಳುವ ದಿನವಾಗಬಾರದು.

ಬರದಲ್ಲಿ ಅನಾಥೆ, ಬರದ ಮಕ್ಕಳಿಗೆ ತಾಯಿ

ಈ ಚರಿತ್ರೆಯಲ್ಲಿ ಕನ್ನಡ ನೆಲದ ಮಗಳೊಬ್ಬಳ ಹೆಸರನ್ನು ನೆನೆಯಲೇಬೇಕು. ಪಂಡಿತಾ ರಮಾಬಾಯಿ 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಜನಿಸಿದವರು. ಹೆಣ್ಣುಮಗಳಿಗೆ ಸಂಸ್ಕೃತ ಕಲಿಸಿದ ತಂದೆ ಅನಂತಶಾಸ್ತ್ರಿ ಡೋಂಗ್ರೆ ಸಂಸಾರಸಮೇತ ಊರೂರು ಅಲೆದು ಪುರಾಣ ಹೇಳಿ ಬದುಕಿದವರು. 1870ರ ದಶಕದ ಬರದಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡಾಗ ರಮಾಬಾಯಿಗೆ ಇನ್ನೂ ಹದಿಹರೆಯ. ಅಣ್ಣನ ಜತೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿದ ಆಕೆ ಮುಂದೆ ವಿದ್ವತ್ತಿನಿಂದ ಹೆಸರಾದರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಧರ್ಮ ಸ್ವೀಕರಿಸಿದರು. 1889ರಲ್ಲಿ ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆದರು. 1896–97ರ ಬರದಲ್ಲಿ ಮಧ್ಯ ಪ್ರಾಂತಗಳಿಗೆ ಖುದ್ದಾಗಿ ಹೋಗಿ, ಹಸಿದ ಹೆಣ್ಣುಮಕ್ಕಳನ್ನು ಪುಣೆ ಸಮೀಪದ ಕೇಡಗಾಂವಿಗೆ ಕರೆತಂದರು. ಅಲ್ಲಿನ ಮುಕ್ತಿ ಮಿಷನ್ ಹಾಗೆ ಬೆಳೆದದ್ದು. ಹಸಿವೆಂದರೇನು ಎಂದು ಸ್ವತಃ ಅನುಭವಿಸಿದವರು ಕಟ್ಟಿದ ಮನೆಯದು.

ಆದರೆ ರಮಾಬಾಯಿಯವರ ಬದುಕಿನಲ್ಲೇ ಈ ವಿಷಯದ ಇನ್ನೊಂದು ಮುಖವೂ ಕಾಣುತ್ತದೆ. ಶಾರದಾ ಸದನದ ಕೆಲ ಹೆಣ್ಣುಮಕ್ಕಳು ಆಕೆಯ ಪ್ರಾರ್ಥನೆಯಲ್ಲಿ ಭಾಗವಹಿಸುತ್ತಿದ್ದಾರೆ ಎಂಬ ವಿಚಾರ 1893ರಲ್ಲಿ ದೊಡ್ಡ ವಿವಾದವಾಯಿತು. ಬೆಂಬಲಕ್ಕಿದ್ದ ರಾನಡೆ, ಭಂಡಾರ್ಕರ್ ಅವರಂಥ ಸುಧಾರಕರು ಸಲಹಾ ಸಮಿತಿಯಿಂದ ಹೊರನಡೆದರು. ಅನೇಕ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ತನ್ನ ನಂಬಿಕೆಯಂತೆ ಬದುಕುವ ಹಕ್ಕು ಆಶ್ರಯದಾತೆಗೆ ಇದೆ. ಆದರೆ ಆಶ್ರಯಕ್ಕೆ ಬಂದ ಮಗುವಿನ ಒಪ್ಪಿಗೆ ಎಂದರೇನು? ನೂರ ಮೂವತ್ತು ವರ್ಷಗಳ ಹಿಂದಿನ ಈ ಪ್ರಶ್ನೆ ಇಂದಿಗೂ ಹಳತಾಗಿಲ್ಲ.

ಮಗುವಿನ ಮಿದುಳು ಹೇಳುವ ಸಾಕ್ಷ್ಯ

ಒಳ್ಳೆಯ ಊಟ, ಶುಚಿಯಾದ ಹಾಸಿಗೆ, ಶಿಸ್ತಿನ ವೇಳಾಪಟ್ಟಿ ಇದ್ದರೆ ಅನಾಥಾಲಯ ಮನೆಗೆ ಸಮವಾಗುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಆ ನಂಬಿಕೆಯನ್ನು ಅಲುಗಾಡಿಸಿದ್ದು ರೊಮೇನಿಯಾ ದೇಶದಲ್ಲಿ ನಡೆದ ಅಧ್ಯಯನ. ರಾಜಧಾನಿ ಬುಕಾರೆಸ್ಟಿನ ಆರು ಸಂಸ್ಥೆಗಳಲ್ಲಿದ್ದ 136 ಎಳೆಯ ಮಕ್ಕಳನ್ನು ಸಂಶೋಧಕರು ಎರಡು ಗುಂಪು ಮಾಡಿದರು. ಒಂದು ಗುಂಪಿನ ಮಕ್ಕಳು ಸಂಸ್ಥೆಯಲ್ಲೇ ಬೆಳೆದರು, ಇನ್ನೊಂದು ಗುಂಪಿನ ಮಕ್ಕಳನ್ನು ಸಾಕು ಕುಟುಂಬಗಳಿಗೆ ಒಪ್ಪಿಸಲಾಯಿತು.

2007ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ನಾಲ್ಕೂವರೆ ವರ್ಷ ವಯಸ್ಸಿನಲ್ಲಿ ಸಂಸ್ಥೆಯ ಮಕ್ಕಳ ಸರಾಸರಿ ಬುದ್ಧಿಲಬ್ಧ 73ರಷ್ಟಿದ್ದರೆ, ಸಾಕು ಕುಟುಂಬದ ಮಕ್ಕಳದು 81. ಸ್ವಂತ ಮನೆಯಲ್ಲೇ ಬೆಳೆದ ಮಕ್ಕಳದು 109. ಎಷ್ಟು ಬೇಗ ಮಗು ಕುಟುಂಬ ಸೇರಿತೋ ಅಷ್ಟು ಲಾಭವಾಗಿತ್ತು. ಕಾರಣ ಸರಳ. ಸಂಸ್ಥೆಯಲ್ಲಿ ಆಯಾಗಳು ಪಾಳಿಯ ಮೇಲೆ ಬದಲಾಗುತ್ತಾರೆ. ಅತ್ತಾಗ ಎತ್ತಿಕೊಳ್ಳುವ ಕೈ ಇವತ್ತಿನದೇ ನಾಳೆಯೂ ಇರುತ್ತದೆ ಎಂಬ ಭರವಸೆ ಮಗುವಿಗೆ ಸಿಗುವುದಿಲ್ಲ. ಕನ್ನಡದಲ್ಲಿ ಇದಕ್ಕೆ ಒಂದೇ ಪದ ಸಾಕು: ಮಡಿಲು. ಕಟ್ಟಡದ ವಿಸ್ತೀರ್ಣ ಹೆಚ್ಚಿಸಿದ ಮಾತ್ರಕ್ಕೆ ಅದು ದೊರೆಯುವುದಿಲ್ಲ.

ಯಾರು ಅನಾಥ?

'ಅನಾಥಾಲಯ' ಎಂಬ ಹೆಸರು ನಮ್ಮನ್ನು ದಾರಿ ತಪ್ಪಿಸುತ್ತದೆ. ಅಲ್ಲಿರುವ ಮಕ್ಕಳೆಲ್ಲ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡವರಲ್ಲ. ತಂದೆ ತೀರಿಕೊಂಡು ತಾಯಿ ಕೂಲಿಗೆ ಹೋಗುವ ಮನೆ, ತಾಯಿಗೆ ದೀರ್ಘ ಕಾಯಿಲೆಯಿರುವ ಮನೆ, ಕುಡಿತ ಮತ್ತು ಸಾಲದಿಂದ ಒಡೆದ ಮನೆ ಇಂಥ ಕಡೆಗಳಿಂದ ಬಂದ ಮಕ್ಕಳೂ ಅಲ್ಲಿರುತ್ತಾರೆ.

ರೇಷ್ಮೆಯ ಸೀಮೆಗೆ ಸಾಲದ ಕಥೆ ಹೊಸದಲ್ಲ. ಕರ್ನಾಟಕವೂ ಸೇರಿದಂತೆ ಮೂರು ರಾಜ್ಯಗಳ ರೇಷ್ಮೆ ಉದ್ಯಮದಲ್ಲಿ ಪೋಷಕರ ಸಾಲಕ್ಕಾಗಿ ಜೀತಕ್ಕಿದ್ದ ಮಕ್ಕಳ ಸ್ಥಿತಿಯನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ವರದಿ ಮಾಡಿತ್ತು. ಅಂಥ ಮಗುವಿಗೆ ತಂದೆ ತಾಯಿ ಇದ್ದರು, ಮನೆಯನ್ನು ನಡೆಸುವ ಶಕ್ತಿ ಅವರಿಗಿರಲಿಲ್ಲ, ಅಷ್ಟೆ. ಬಡತನವನ್ನೇ ಅನಾಥತನವೆಂದು ಬಗೆದು ಮಗುವನ್ನು ಮನೆಯಿಂದ ಕರೆದೊಯ್ದರೆ, ಪ್ರೀತಿಯ ಹೆಸರಿನಲ್ಲೇ ಹೊಸ ಅನಾಥನನ್ನು ಸೃಷ್ಟಿಸಿದಂತೆ.

ಇಂದು ಇಲ್ಲೊಂದು ಮಗು ಅನಾಥವಾದರೆ

ಬೈರಾಪಟ್ಟಣದಲ್ಲಿ ಆರು ವರ್ಷದ ಮಗುವೊಂದು ಅಪಘಾತದಲ್ಲಿ ತಂದೆ ತಾಯಿಯರನ್ನು ಕಳೆದುಕೊಂಡಿದೆ ಎಂದು ಭಾವಿಸೋಣ. 2016ರ ಜನವರಿ 15ರಂದು ಜಾರಿಗೆ ಬಂದ 2015ರ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ ಈಗ ಏನು ಹೇಳುತ್ತದೆ?

ಮೊದಲನೆಯದಾಗಿ, ಪಾಲನೆಯಿಲ್ಲದ ಮಗುವನ್ನು ಕಂಡವರು ಸುಮ್ಮನಿರುವಂತಿಲ್ಲ. 1098 ಮಕ್ಕಳ ಸಹಾಯವಾಣಿಗೆ, ಪೊಲೀಸರಿಗೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಪ್ರಯಾಣದ ಅವಧಿ ಬಿಟ್ಟು 24 ಗಂಟೆಯೊಳಗೆ ಮಗುವನ್ನು ಸಮಿತಿಯ ಮುಂದೆ ಹಾಜರುಪಡಿಸಬೇಕು. ಚರ್ಚಿನ ಫಾದರ್ ಆಗಲಿ, ಮಠದ ಸ್ವಾಮೀಜಿಯಾಗಲಿ, ಎಷ್ಟೇ ಸದುದ್ದೇಶವಿರಲಿ, ಮಗುವನ್ನು ನೇರವಾಗಿ ತಮ್ಮ ಆಶ್ರಯಕ್ಕೆ ಸೇರಿಸಿಕೊಂಡುಬಿಡುವಂತಿಲ್ಲ.

ಎರಡನೆಯದಾಗಿ, ಸಮಿತಿಯು ಮಗುವಿನ ಹಿನ್ನೆಲೆಯ ಸಾಮಾಜಿಕ ತನಿಖೆ ಮಾಡಿಸುತ್ತದೆ. ಅಜ್ಜಿ, ಸೋದರಮಾವ, ಚಿಕ್ಕಮ್ಮ ಯಾರಾದರೂ ಸಾಕಲು ಸಿದ್ಧರಿದ್ದರೆ ಮೊದಲ ಆದ್ಯತೆ ಅವರಿಗೆ. ಅವರಿಗೆ ಬಡತನವೇ ಅಡ್ಡಿಯಾಗಿದ್ದರೆ ಅದಕ್ಕೂ ಹಾದಿಯಿದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಡಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವು ನೀಡಲು ಅವಕಾಶವಿದೆ. ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಪ್ರದೇಶದಲ್ಲಿ 72,000 ರೂಪಾಯಿ, ಇತರೆಡೆ 96,000 ರೂಪಾಯಿ ಮೀರಿರಬಾರದು ಎಂಬುದು ಯೋಜನೆಯ ನಿಯಮ. ಕೋವಿಡ್‌ನಲ್ಲಿ ಪೋಷಕರನ್ನು ಕಳೆದುಕೊಂಡ ಮಕ್ಕಳಿಗಾಗಿ 2021ರಲ್ಲಿ ರಾಜ್ಯ ಸರ್ಕಾರ ಘೋಷಿಸಿದ ಬಾಲಸೇವಾ ಯೋಜನೆಯೂ ತಿಂಗಳಿಗೆ 3,500 ರೂಪಾಯಿ ನೀಡುವ ಇದೇ ತತ್ತ್ವದ ಮೇಲೆ ರೂಪುಗೊಂಡಿತ್ತು.

ಮೂರನೆಯದಾಗಿ, ಬಂಧುಗಳೇ ಇಲ್ಲದಿದ್ದರೆ ದತ್ತು ಅಥವಾ ಸಾಕು ಕುಟುಂಬದ ವ್ಯವಸ್ಥೆ. ಅನಾಥ ಮಗುವನ್ನು ದತ್ತು ನೀಡಲು ಕಾನೂನುಬದ್ಧವಾಗಿ ಮುಕ್ತವೆಂದು ಸಮಿತಿ ಘೋಷಿಸಬೇಕು. ಎರಡು ವರ್ಷದೊಳಗಿನ ಮಗುವಾದರೆ ಎರಡು ತಿಂಗಳಲ್ಲಿ, ಅದಕ್ಕಿಂತ ದೊಡ್ಡ ಮಗುವಾದರೆ ನಾಲ್ಕು ತಿಂಗಳಲ್ಲಿ ಈ ಕೆಲಸ ಮುಗಿಯಬೇಕು. 2021ರ ತಿದ್ದುಪಡಿ ಮರುವರ್ಷ ಜಾರಿಯಾದ ಬಳಿಕ ದತ್ತು ಆದೇಶ ನೀಡುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ಬಂದಿದೆ.

ಈ ಎಲ್ಲ ಬಾಗಿಲುಗಳೂ ಮುಚ್ಚಿದ ಮೇಲೆ, ಕಟ್ಟಕಡೆಯದಾಗಿ ಮಾತ್ರ, ಮಕ್ಕಳ ಪಾಲನಾ ಸಂಸ್ಥೆ. 1877ರಲ್ಲಿ ಮೊದಲ ಮತ್ತು ಏಕೈಕ ದಾರಿಯಾಗಿದ್ದುದು ಇಂದು ಕೊನೆಯ ದಾರಿ. ಬದಲಾವಣೆಯ ತಿರುಳು ಇಷ್ಟೇ.

ದತ್ತು ಪಡೆಯಲಾಗದ ಕ್ರೈಸ್ತರು

ಇಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು. ಅನಾಥರಿಗೆ ಪ್ರೀತಿ ತೋರಲು ಇಷ್ಟೆಲ್ಲ ಆಶ್ರಯಗಳನ್ನು ಕಟ್ಟಿದ ಕ್ರೈಸ್ತ ಸಮುದಾಯದ ದಂಪತಿಗಳಿಗೆ, ಒಂದು ಅನಾಥ ಮಗುವನ್ನು ಕಾನೂನಿನ ಪ್ರಕಾರ ತಮ್ಮದಾಗಿಸಿಕೊಳ್ಳುವ ನೇರ ಅವಕಾಶವೇ ಬಹುಕಾಲ ಇರಲಿಲ್ಲ. 1956ರ ಹಿಂದೂ ದತ್ತಕ ಕಾಯ್ದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗಷ್ಟೇ ಅನ್ವಯ. ಕ್ರೈಸ್ತರು, ಮುಸ್ಲಿಮರು, ಪಾರ್ಸಿಗಳು 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯಡಿ 'ಪೋಷಕ'ರಾಗಬಹುದಿತ್ತೇ ಹೊರತು ತಂದೆ ತಾಯಿಯಾಗುವಂತಿರಲಿಲ್ಲ. ಮಗು ಪ್ರಾಪ್ತವಯಸ್ಕನಾದೊಡನೆ ಆ ಸಂಬಂಧ ಕಾಗದದ ಮೇಲೆ ಮುಗಿಯುತ್ತಿತ್ತು.

2000ದ ಬಾಲನ್ಯಾಯ ಕಾಯ್ದೆ ಹಾಗೂ ಅದರ 2006ರ ತಿದ್ದುಪಡಿ ಈ ಗೋಡೆಯನ್ನು ಕೆಡವಿದವು. ಯಾವುದೇ ಧರ್ಮದವರು ಈ ಕಾಯ್ದೆಯಡಿ ದತ್ತು ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2014ರ ಫೆಬ್ರುವರಿ 19ರಂದು ಶಬ್ನಂ ಹಶ್ಮಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಹಾಗಾಗಿ ಇಂದು ಸಭೆಯ ಸದಸ್ಯರೊಬ್ಬರು ಕ್ರಿಸ್ತನ ಪ್ರೀತಿಯನ್ನು ಅನಾಥ ಮಗುವಿಗೆ ತೋರಬಯಸಿದರೆ, ಕಾಣಿಕೆ ಪೆಟ್ಟಿಗೆಗೆ ಹಣ ಹಾಕುವುದರ ಜತೆಗೆ ತಮ್ಮ ಮನೆಯ ಬಾಗಿಲನ್ನೇ ತೆರೆಯಬಹುದು.

ಮತಾಂತರದ ಮಾತು

ಮಿಷನ್ ಅನಾಥಾಲಯ ಎಂದೊಡನೆ ಮತಾಂತರದ ಆರೋಪ ಕೇಳಿಬರುವುದು ಸಹಜವೆಂಬಂತಾಗಿದೆ. ಇದರಲ್ಲಿ ಎರಡು ಅತಿಗಳಿವೆ. ಸೇವೆಯೆಲ್ಲವೂ ಮತಾಂತರದ ಬಲೆಯೆಂದು ಜರೆಯುವುದು ಒಂದು ಅತಿ. ಸೇವೆ ಮಾಡುವವರನ್ನು ಪ್ರಶ್ನಿಸುವುದೇ ಕೃತಘ್ನತೆ ಎನ್ನುವುದು ಇನ್ನೊಂದು ಅತಿ.

ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ನೀಡಿದೆ. ಆದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ಕರ್ನಾಟಕದಲ್ಲಿ 2022ರಲ್ಲಿ ಮತಾಂತರ ನಿಯಂತ್ರಣ ಕಾಯ್ದೆ ಬಂದಾಗ, ಅಪ್ರಾಪ್ತರನ್ನು ಕಾನೂನುಬಾಹಿರವಾಗಿ ಮತಾಂತರಿಸಿದರೆ ಹೆಚ್ಚಿನ ಶಿಕ್ಷೆ ವಿಧಿಸಲಾಗಿತ್ತು. ಆ ಕಾಯ್ದೆಯನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ರಾಜಕೀಯದ ಈ ಏರಿಳಿತ ಏನೇ ಇರಲಿ, ಮಗುವಿನ ದೃಷ್ಟಿಯಿಂದ ನೋಡಿದರೆ ವಿಷಯ ಸರಳ. ಊಟ, ಹಾಸಿಗೆ, ಶಾಲೆಗಾಗಿ ನಿಮ್ಮನ್ನೇ ನಂಬಿರುವ ಮಗು ನಿಮಗೆ 'ಬೇಡ' ಎನ್ನಲಾರದು. ಬೇಡ ಎನ್ನಲಾಗದ ಕಡೆ 'ಹೂಂ' ಎಂಬುದಕ್ಕೂ ಬೆಲೆಯಿಲ್ಲ. ಪ್ರೀತಿಗೆ ಷರತ್ತಿಲ್ಲವೆಂದು ನಂಬುವವರೇ ಇದನ್ನು ಮೊದಲು ಒಪ್ಪಬೇಕು.

ಕೊಡುವ ಮುನ್ನ ಕೇಳಿ

ಹಾಗಾದರೆ ದಾನ ಮಾಡಬಯಸುವ ಓದುಗರು ಏನು ಮಾಡಬೇಕು? ಕೊಡುವುದನ್ನು ನಿಲ್ಲಿಸಬೇಕಾಗಿಲ್ಲ, ಕೇಳಿ ಕೊಡಬೇಕು. ಸಂಸ್ಥೆ ಯಾವ ಧರ್ಮದವರದೇ ಆಗಿರಲಿ, ಈ ಪ್ರಶ್ನೆಗಳು ಒಂದೇ.

ಬಾಲನ್ಯಾಯ ಕಾಯ್ದೆಯ 41ನೇ ಕಲಮಿನಡಿ ನೋಂದಣಿಯಾಗಿದೆಯೇ? ಸರ್ಕಾರದ ಅನುದಾನ ಪಡೆಯದ ಸಂಸ್ಥೆಗೂ ಇದು ಕಡ್ಡಾಯ. ನೋಂದಣಿಯಿಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು.

ಪ್ರತಿಯೊಂದು ಮಗುವಿಗೂ ಮಕ್ಕಳ ಕಲ್ಯಾಣ ಸಮಿತಿಯ ಆದೇಶವಿದೆಯೇ?

ಕಳೆದ ವರ್ಷ ಎಷ್ಟು ಮಕ್ಕಳು ತಮ್ಮ ಮನೆಗೆ, ಬಂಧುಗಳ ಮನೆಗೆ ಅಥವಾ ದತ್ತು ಕುಟುಂಬಕ್ಕೆ ಸೇರಿದರು? ಈ ಸಂಖ್ಯೆಯನ್ನು ಹೆಮ್ಮೆಯಿಂದ ಹೇಳುವ ಸಂಸ್ಥೆ ಸರಿಯಾದ ಹಾದಿಯಲ್ಲಿದೆ. ಎಷ್ಟು ಮಂದಿಯನ್ನು ಇಟ್ಟುಕೊಂಡಿದ್ದೇವೆ ಎಂಬುದನ್ನಷ್ಟೇ ಹೇಳುವ ಸಂಸ್ಥೆಯ ಬಗ್ಗೆ ಇನ್ನೂ ವಿಚಾರಿಸಬೇಕು.

ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಯಾದರೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯಿದೆಯೇ?

ಮಕ್ಕಳ ಭಾವಚಿತ್ರ, ಹೆಸರು, ಕಣ್ಣೀರಿನ ಕಥೆ ಕರಪತ್ರದಲ್ಲಿ ಅಚ್ಚಾಗಿವೆಯೇ? ಪಾಲನೆ ಬೇಕಾದ ಮಗುವಿನ ಗುರುತನ್ನು ಮಾಧ್ಯಮಗಳಲ್ಲಿ ಬಯಲು ಮಾಡುವುದನ್ನು 74ನೇ ಕಲಮು ನಿಷೇಧಿಸುತ್ತದೆ. ನಿಮ್ಮ ಮೊಬೈಲಿನಲ್ಲಿ ತೆಗೆದ ಹುಟ್ಟುಹಬ್ಬದ ಚಿತ್ರವನ್ನು ಜಾಲತಾಣಕ್ಕೆ ಹಾಕುವ ಮುನ್ನವೂ ಇದನ್ನು ನೆನೆಯುವುದು ಒಳಿತು.

ಸೂರಿನಿಂದ ಮಡಿಲಿಗೆ

ಇದೆಲ್ಲದರ ಅರ್ಥ ಮಿಷನ್‌ಗಳ ಕಾಲ ಮುಗಿಯಿತೆಂದಲ್ಲ. ಹಳ್ಳಿ ಹಳ್ಳಿಯಲ್ಲಿ ಸಭೆ, ಶಾಲೆ, ಆಸ್ಪತ್ರೆಗಳ ಮೂಲಕ ಜನಸಂಪರ್ಕ ಹೊಂದಿರುವ ಅವುಗಳಿಗೆ ಸರ್ಕಾರಕ್ಕೂ ಇಲ್ಲದ ಅನುಕೂಲವಿದೆ. ವಿಧವೆ ತಾಯಿಯ ಬಾಡಿಗೆ ಕಟ್ಟುವುದು, ಅಜ್ಜಿಯ ಮನೆಯಲ್ಲಿರುವ ಮೊಮ್ಮಗನ ಶಾಲಾ ಶುಲ್ಕ ತುಂಬುವುದು, ಪ್ರಾಯೋಜಕತ್ವದ ಅರ್ಜಿ ಬರೆದುಕೊಟ್ಟು ಕಚೇರಿಗೆ ಅಲೆಯುವುದು, ಅಂಗವಿಕಲ ಮಗುವನ್ನೂ ದತ್ತು ಪಡೆಯುವ ಮನೆಗಳನ್ನು ಹುಡುಕುವುದು, ಹದಿನೆಂಟು ದಾಟಿದವರಿಗೆ ಕಸುಬು ಕಲಿಸುವುದು ಇವೆಲ್ಲ ಅವುಗಳಿಗೆ ಸಾಧ್ಯ. ಇವುಗಳಲ್ಲಿ ಯಾವುದಕ್ಕೂ ಕಟ್ಟಡದ ಮೇಲೆ ದಾನಿಯ ಹೆಸರಿನ ಕಲ್ಲು ಹಾಕಿಸಲಾಗದು. ಉದ್ಘಾಟನೆಯೂ ಇರುವುದಿಲ್ಲ.

ಬರದ ವರ್ಷಗಳಲ್ಲಿ ದಾರಿಬದಿಯ ಮಗುವನ್ನು ಎತ್ತಿಕೊಂಡವರು ಆ ಕಾಲಕ್ಕೆ ಸಾಧ್ಯವಿದ್ದ ಪ್ರೀತಿಯನ್ನು ತೋರಿದರು. ಇಂದು ಸಾಧ್ಯವಿರುವುದು ಅದಕ್ಕಿಂತ ದೊಡ್ಡದು. ಮಗುವನ್ನು ಎತ್ತಿಕೊಂಡು, ಅದರ ಊರು ಯಾವುದು, ಅಜ್ಜಿ ಎಲ್ಲಿದ್ದಾಳೆ ಎಂದು ಕೇಳಿ, ಸಾಧ್ಯವಾದರೆ ಆ ಅಜ್ಜಿಯ ಮಡಿಲಿಗೇ ಒಪ್ಪಿಸಿ, ತಿಂಗಳು ತಿಂಗಳು ಬಾಗಿಲು ತಟ್ಟಿ 'ಅಮ್ಮಾ, ಮಗು ಹೇಗಿದೆ?' ಎಂದು ವಿಚಾರಿಸಿಕೊಂಡು ಬರುವುದು. ವಿಚಾರಿಸಿಕೊಳ್ಳುವುದು ಎಂದರೆ ಮೂಲದಲ್ಲಿ ಇದೇ ತಾನೆ?